ರಜಾಯಿ, ಕೌದಿ, ರೇಷ್ಮೆ: ಮೆಷಿನ್‌ಗೆ ಹಾಕೋ ಮುಂಚೆ ‘ಸ್ಪಿನ್’ ಎಷ್ಟು ಅಂತ ನೋಡಿ

ವಾಷಿಂಗ್ ಮೆಷಿನ್ ತಗೊಳ್ಳುವಾಗ ಎಲ್ಲರೂ ಕೇಳೋ ಮೊದಲ ಪ್ರಶ್ನೆ, ‘ಎಷ್ಟು ಕೆಜಿ?’ ಏಳು ಕೆಜಿ ಅಂದರೆ ಎರಡೂವರೆ ಕೆಜಿಯ ರಜಾಯಿ ಆರಾಮಾಗಿ ಒಗೆಯಬಹುದು ಅಂತ ಲೆಕ್ಕ ಹಾಕಿಬಿಡ್ತೀವಿ. ಆಮೇಲೆ ಮೆಷಿನ್ ದಡದಡ ಅಂತ ಜಾಗ ಬಿಟ್ಟು ಓಡಾಡುತ್ತೆ. ನಿಜ ಏನಂದ್ರೆ, ಆ ಏಳು ಕೆಜಿ ಒಣಗಿದ ಕಾಟನ್ ಬಟ್ಟೆಯ ಲೆಕ್ಕ. ಅದೇ ಮೆಷಿನ್‌ನ ಉಣ್ಣೆ ಪ್ರೋಗ್ರಾಂಗೆ ಎರಡು ಕೆಜಿ ಆಸುಪಾಸೇ ಮಿತಿ ಇರುತ್ತೆ; ಮ್ಯಾನ್ಯುಯಲ್‌ನಲ್ಲಿ ಒಂದು ಪಟ್ಟಿಯೇ ಇದೆ, ನಾವು ನೋಡಿರಲ್ಲ. ದಪ್ಪ ಬಟ್ಟೆಗೂ ನಾಜೂಕು ಬಟ್ಟೆಗೂ ಕೆಜಿಗಿಂತ ಮುಖ್ಯವಾದ ಸಂಖ್ಯೆ ಸ್ಪಿನ್ ವೇಗ.

ಸ್ಪಿನ್‌ನ ಗಣಿತ

ಡ್ರಮ್‌ನ ತ್ರಿಜ್ಯ 25 ಸೆಂಟಿಮೀಟರ್ ಅಂದುಕೊಳ್ಳಿ. 1200 ಆರ್‌ಪಿಎಂನಲ್ಲಿ ಅಂಚಿನಲ್ಲಿರುವ ಬಟ್ಟೆಯ ಮೇಲೆ ಬೀಳುವ ಬಲ ಅದರ ತೂಕದ ಸುಮಾರು 400 ಪಟ್ಟು. ಒದ್ದೆ ರಜಾಯಿ ಒಂದೇ ಕಡೆ ಮುದ್ದೆಯಾಗಿ 1 ಕೆಜಿ ಹೆಚ್ಚು ಭಾರ ಬಿದ್ದರೆ, 400 ಕೆಜಿ ತೂಕದಷ್ಟು ಎಳೆತ! ವೇಗವನ್ನು 600ಕ್ಕೆ ಇಳಿಸಿ, ಬಲ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಒಂದು ಬಟನ್ ಒತ್ತಿದ್ದಕ್ಕೆ ಇಷ್ಟು ಲಾಭ.

ಇದು ಬರೀ ಶಬ್ದದ ವಿಷಯ ಅಲ್ಲ. 2016ರಲ್ಲಿ ಅಮೆರಿಕದಲ್ಲಿ ಸ್ಯಾಮ್‌ಸಂಗ್ ಕಂಪನಿಯ ಸುಮಾರು 28 ಲಕ್ಷ ಟಾಪ್ ಲೋಡ್ ಮೆಷಿನ್‌ಗಳ ಮೇಲೆ ರೀಕಾಲ್ ಆಯಿತು. ವಿಪರೀತ ಅದುರಿ ಮೇಲ್ಭಾಗವೇ ಕಿತ್ತು ಬರುವ ಅಪಾಯ ಅದಕ್ಕೆ ಕಾರಣ. ಆಗ ಗ್ರಾಹಕರಿಗೆ ಕೊಟ್ಟ ಸೂಚನೆಯೂ ಇದೇ: ಹಾಸಿಗೆ ಬಟ್ಟೆ, ದಪ್ಪ ಬಟ್ಟೆ, ನೀರು ತಡೆಯುವ ಬಟ್ಟೆಗಳನ್ನು ಕಡಿಮೆ ಸ್ಪಿನ್ ಇರುವ ಡೆಲಿಕೇಟ್ ಅಥವಾ ವಾಟರ್‌ಪ್ರೂಫ್ ಸೈಕಲ್‌ನಲ್ಲೇ ಒಗೆಯಿರಿ.

ರಜಾಯಿ, ದಿಂಬು: ಜಾಗ ಬೇಕು

ಒಣ ರಜಾಯಿಯನ್ನು ಒತ್ತಿ ತುರುಕದೆ ಡ್ರಮ್‌ಗೆ ಇಡಿ. ಮುಕ್ಕಾಲು ಭಾಗದ ಒಳಗೆ ಕೂತರೆ ಸರಿ. ಮೊಣಕಾಲಿನಲ್ಲಿ ಒತ್ತಿ ಬಾಗಿಲು ಹಾಕಬೇಕಾಗಿ ಬಂದರೆ, ಮನೆಯಲ್ಲಿ ಬೇಡ. ದೊಡ್ಡ ಮೆಷಿನ್ ಇರೋ ಲಾಂಡ್ರಿಗೆ ಕೊಡಿ. ಜಾಗ ಇಲ್ಲದಿದ್ದರೆ ಸೋಪು ಒಳಗೆ ಹೋಗುತ್ತೆ, ಹೊರಗೆ ಬರಲ್ಲ.

ಪುಡಿಗಿಂತ ಲಿಕ್ವಿಡ್ ಡಿಟರ್ಜೆಂಟ್ ಒಳ್ಳೆಯದು, ಅದೂ ಕಡಿಮೆ. ಒಂದು ಎಕ್ಸ್‌ಟ್ರಾ ರಿನ್ಸ್ ಕೊಡಿ. ಫೈಬರ್ ದಿಂಬುಗಳನ್ನು ಎರಡೆರಡಾಗಿ ಹಾಕಿ, ಎದುರುಬದುರು ಕೂತು ಸಮತೋಲನ ಆಗುತ್ತೆ. ಬೂರುಗದ ಹತ್ತಿಯ ದಿಂಬು, ಮೆಮೊರಿ ಫೋಮ್ ದಿಂಬು ಮಾತ್ರ ಮೆಷಿನ್‌ಗೆ ಬೇಡವೇ ಬೇಡ. ಹತ್ತಿ ಗಂಟುಗಟ್ಟುತ್ತೆ, ಫೋಮ್ ಹರಿಯುತ್ತೆ.

ಸ್ಪಿನ್ ಮಧ್ಯೆ ಮೆಷಿನ್ ನಿಂತು ಎರರ್ ತೋರಿಸಿದರೆ ಮತ್ತೆ ಮತ್ತೆ ಸ್ಟಾರ್ಟ್ ಒತ್ತಬೇಡಿ. ಡ್ರಮ್ ಪೂರ್ತಿ ನಿಂತ ಮೇಲೆ ಬಾಗಿಲು ತೆಗೆದು, ಮುದ್ದೆ ಬಿಡಿಸಿ ಹರಡಿ, ಸ್ಪಿನ್ ಇಳಿಸಿ ಮುಂದುವರಿಸಿ.

ರೇನ್‌ಕೋಟ್, ವಾಟರ್‌ಪ್ರೂಫ್ ಶೀಟ್: ಇದೇ ಅಪಾಯಕಾರಿ

ಬಟ್ಟೆಯ ನೀರು ರಂಧ್ರಗಳ ಮೂಲಕ ಹೊರಗೆ ಹೋಗಬೇಕು. ವಾಟರ್‌ಪ್ರೂಫ್ ಬಟ್ಟೆ ಆ ನೀರನ್ನು ಚೀಲದ ಥರ ಹಿಡಿದುಕೊಳ್ಳುತ್ತೆ. ವೇಗ ಏರಿದಾಗ ಅದು ಒಮ್ಮೆಲೇ ಜಾರಿದರೆ ಡ್ರಮ್ ಇಡೀ ಒಂದು ಕಡೆ ವಾಲುತ್ತೆ. ರೇನ್‌ಕೋಟ್ ಬಕೆಟ್‌ನಲ್ಲೇ ತೊಳೆಯಿರಿ. ಮಗುವಿನ ಹಾಸಿಗೆಯ ವಾಟರ್‌ಪ್ರೂಫ್ ಪ್ರೊಟೆಕ್ಟರ್ ಮೇಲೆ ಮೆಷಿನ್ ವಾಶ್ ಗುರುತು ಇದ್ದು, ನಿಮ್ಮ ಮೆಷಿನ್ ಮ್ಯಾನ್ಯುಯಲ್ ಕೂಡ ಒಪ್ಪಿದರೆ ಮಾತ್ರ ಡೆಲಿಕೇಟ್ ಸೈಕಲ್.

ಉಣ್ಣೆ, ರೇಷ್ಮೆ: ಉಜ್ಜಬೇಡಿ, ಬಿಸಿ ಬೇಡ

ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರ ಇರುತ್ತೆ. ಬಿಸಿ ನೀರಲ್ಲಿ ತಿರುಚಾಡಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತೆ, ಆಮೇಲೆ ಮೊದಲಿನಂತಾಗಲ್ಲ. ಸ್ವೆಟರ್ ಉಲ್ಟಾ ಮಾಡಿ ಮೆಶ್ ಬ್ಯಾಗ್‌ಗೆ ಹಾಕಿ, ತಣ್ಣೀರು, ಉಣ್ಣೆ ಪ್ರೋಗ್ರಾಂ. ಒಣಗಿಸುವಾಗ ನೇತು ಹಾಕದೆ ಟವೆಲ್ ಮೇಲೆ ಹರಡಿ.

ರೇಷ್ಮೆ, ಉಣ್ಣೆ ಎರಡೂ ಪ್ರೋಟೀನ್. ಊಟದ ಕಲೆ ತೆಗೆಯೋಕೆ ಮಾಮೂಲಿ ಡಿಟರ್ಜೆಂಟ್‌ಗಳಲ್ಲಿ ಹಾಕಿರುವ ಪ್ರೋಟಿಯೇಸ್ ಕಿಣ್ವಕ್ಕೆ ಪ್ರೋಟೀನೇ ಆಹಾರ. ಹಾಗಾಗಿ ಇವಕ್ಕೆ ಅಂತಲೇ ಬರುವ ಸೌಮ್ಯ ಲಿಕ್ವಿಡ್ ಬಳಸಿ. ಜರಿ ಇರುವ ಮೈಸೂರು ಸಿಲ್ಕ್, ಕಾಂಜೀವರಂ ಸೀರೆಗಳಿಗೆ ಡ್ರೈ ಕ್ಲೀನೇ ಸರಿ. ಡೆಲಿಕೇಟ್ ಸೈಕಲ್ ಕೂಡ ಬೇಡ.

ಅಜ್ಜಿಯ ಕೌದಿ

ಉತ್ತರ ಕರ್ನಾಟಕದ ಮನೆಗಳಿಂದ ಬೆಂಗಳೂರಿನ ಫ್ಲ್ಯಾಟ್‌ವರೆಗೂ ಬಂದಿರೋ ಕೌದಿಯ ಕಥೆ ಬೇರೆ. ಹಳೇ ಸೀರೆ, ಧೋತರದ ಪದರಗಳನ್ನು ಕೈಯಲ್ಲೇ ಹೊಲಿದದ್ದು. ಬಟ್ಟೆ ಆಗಲೇ ಸವೆದಿರುತ್ತೆ, ಒದ್ದೆಯಾದರೆ ಹೊರಲಾರದಷ್ಟು ಭಾರ. ತೂಕಕ್ಕೆ ದಾರ ಕಿತ್ತರೆ ಅದೇ ಹೊಲಿಗೆ ಯಾರೂ ಹಾಕಿಕೊಡಲಾರರು. ರಜಾಯಿ ಆನ್‌ಲೈನ್‌ನಲ್ಲಿ ಇನ್ನೊಂದು ಸಿಗುತ್ತೆ, ಇದು ಸಿಗಲ್ಲ.

ಮೊದಲು ಬಿಳಿ ಬಟ್ಟೆ ಒದ್ದೆ ಮಾಡಿ ಒಂದೊಂದು ಬಣ್ಣದ ಮೇಲೂ ಒತ್ತಿ ನೋಡಿ. ಬಣ್ಣ ಅಂಟಿದರೆ ನೀರೇ ಬೇಡ, ನೆರಳಲ್ಲಿ ಗಾಳಿಗೆ ಹಾಕಿ ಧೂಳು ಕೊಡವಿ. ಅಂಟದಿದ್ದರೆ ದೊಡ್ಡ ಟಬ್‌ನಲ್ಲಿ ತಣ್ಣೀರು, ಸೌಮ್ಯ ಸೋಪು, ಅಂಗೈಯಿಂದ ಒತ್ತುವುದಷ್ಟೇ. ಹಿಂಡಬೇಡಿ. ಮಡಿಸಿ ನೀರು ಸೋರಲು ಬಿಟ್ಟು, ಇಬ್ಬರು ಹಿಡಿದು ಎತ್ತಿ, ಚಾಪೆ ಮೇಲೆ ಹರಡಿ.

ದಿನವನ್ನೂ ಆರಿಸಿ

ದಪ್ಪ ಬಟ್ಟೆ ಕೆಡೋದು ಒಗೆಯುವಾಗಕ್ಕಿಂತ ಹೆಚ್ಚಾಗಿ ಒಣಗಿಸುವಾಗ. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಇದ್ದರೆ ಬೂಷ್ಟು, ಮುಗ್ಗಲು ವಾಸನೆ. ಆಷಾಢದ ಮೋಡದಲ್ಲಿ ರಜಾಯಿ ಒಗೆಯೋ ಸಾಹಸ ಬೇಡ. ಚಳಿ ಮುಗಿದು ಬಿಸಿಲು ಏರುವ ಫೆಬ್ರವರಿ, ಮಾರ್ಚ್ ಸೂಕ್ತ. ಬೆಳಗ್ಗೆಯೇ ಹಾಕಿ, ಎರಡು ಗಂಟೆಗೊಮ್ಮೆ ತಿರುಗಿಸಿ, ಮುದ್ದೆಗಳನ್ನು ಕೈಯಲ್ಲಿ ಬಿಡಿಸಿ. ಬಾಲ್ಕನಿಯ ಸೀಲಿಂಗ್ ಹ್ಯಾಂಗರ್ ಎಷ್ಟು ತೂಕ ತಡೆಯುತ್ತೆ ಅಂತಲೂ ನೋಡಿಕೊಳ್ಳಿ.

ಫೋನ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ

• ಟಬ್ ಚಿತ್ರದಲ್ಲಿ ಕೈ: ಕೈಯಲ್ಲಿ ಒಗೆಯಿರಿ
• ಟಬ್ ಮೇಲೆ ಅಡ್ಡಗೆರೆಗಳ ಕತ್ತರಿ ಗುರುತು: ಒಗೆಯಲೇಬೇಡಿ
• ಟಬ್ ಕೆಳಗೆ ಒಂದು ಗೆರೆ: ಸೌಮ್ಯ ಸೈಕಲ್, ಎರಡು ಗೆರೆ: ಅತಿ ಸೌಮ್ಯ
• ಟಬ್ ಒಳಗಿನ ಸಂಖ್ಯೆ: ನೀರಿನ ಗರಿಷ್ಠ ಉಷ್ಣತೆ
• ವೃತ್ತದೊಳಗೆ ‘ಪಿ’ ಅಕ್ಷರ: ಡ್ರೈ ಕ್ಲೀನ್

ಲೇಬಲ್ ಕಿತ್ತುಹೋಗಿದ್ದರೆ? ತಣ್ಣೀರು, ಕಡಿಮೆ ಸೋಪು, ಕಡಿಮೆ ಸ್ಪಿನ್. ಇನ್ನೊಂದು ಸಿಗದ ಬಟ್ಟೆಯಾದರೆ ಮೆಷಿನ್ ಬಿಟ್ಟು ಕೈ.