ಸೊಳ್ಳೆ ತಂದ ಪದಕ

ಮಕ್ಕಳೇ, ಓಟದಲ್ಲಿ ಗೆದ್ದವರ ಕೊರಳಿಗೆ ಪದಕ ಹಾಕುವುದನ್ನು ನೀವು ನೋಡಿದ್ದೀರಿ. ಸೊಳ್ಳೆಯ ಹೊಟ್ಟೆಯನ್ನು ಸೀಳಿ ನೋಡಿ ಪದಕ ಪಡೆದವರನ್ನು ಬಲ್ಲಿರಾ? ಅವರೇ ರೊನಾಲ್ಡ್ ರಾಸ್.

ರಾಸ್ 1857ರಲ್ಲಿ ಹಿಮಾಲಯದ ಅಲ್ಮೋರಾದಲ್ಲಿ ಹುಟ್ಟಿದರು. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಸೈನ್ಯದ ವೈದ್ಯರಾದರು. 1883ರಲ್ಲಿ ಅವರು ಬೆಂಗಳೂರಿನ ದಂಡಿನಲ್ಲಿದ್ದರು. ಅವರ ಮನೆಯಲ್ಲಿ ಸೊಳ್ಳೆಗಳ ಕಾಟ ಹೆಚ್ಚಾಗಿತ್ತು. ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಸೊಳ್ಳೆಯ ಮರಿಗಳು ಕಂಡವು. ನೀರನ್ನು ಚೆಲ್ಲಿಸಿದರು. ಸೊಳ್ಳೆಗಳು ಕಡಿಮೆಯಾದವು.

ಆ ಕಾಲದಲ್ಲಿ ಮಲೇರಿಯಾ ಎಂಬ ಚಳಿಜ್ವರಕ್ಕೆ ಅನೇಕರು ಬಲಿಯಾಗುತ್ತಿದ್ದರು. ಇಟಲಿಯ ಭಾಷೆಯಲ್ಲಿ ಈ ಹೆಸರಿನ ಅರ್ಥ ‘ಕೆಟ್ಟ ಗಾಳಿ’. ಜೌಗು ನೆಲದ ಗಾಳಿಯಿಂದ ಜ್ವರ ಬರುತ್ತದೆಂದು ಜನ ನಂಬಿದ್ದರು. 1880ರಲ್ಲಿ ಲಾವೆರಾನ್ ಎಂಬ ಫ್ರಾನ್ಸಿನ ಸೇನಾ ವೈದ್ಯರು ರೋಗಿಯ ರಕ್ತದಲ್ಲಿ ರೋಗಾಣುವನ್ನು ಕಂಡರು. ಆದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಹೋಗುತ್ತದೆ? ಸೊಳ್ಳೆಯೇ ಕಾರಣವಿರಬಹುದೆಂದು ರಾಸ್ ಹುಡುಕತೊಡಗಿದರು.

ತಿಗನಾರೆಯಿರುವ ತಾಳವಾಡಿ ಬೆಟ್ಟಗಳ ದಕ್ಷಿಣಕ್ಕೆ ಮೋಯಾರ್ ಕಣಿವೆಯಿದೆ. ಅದರಾಚೆ ನೀಲಗಿರಿಯ ತಪ್ಪಲಿನಲ್ಲಿ ಸೀಗೂರು ಇದೆ. 1897ರಲ್ಲಿ ರಾಸ್ ಅಲ್ಲಿಗೂ ಹೋಗಿ ಸೊಳ್ಳೆಗಳನ್ನು ಹುಡುಕಿದರು. ಆಗ ಅವರಿಗೇ ಮಲೇರಿಯಾ ಬಂದಿತು! ಆದರೂ ಅವರು ಕೆಲಸ ಬಿಡಲಿಲ್ಲ.

ಅದೇ ವರ್ಷ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿ ಅವರಿಗೆ ನೆರವಾದರು. ಒಂದು ಸೊಳ್ಳೆ ಕಚ್ಚಿದರೆ ಅವರಿಗೆ ಒಂದು ಆಣೆ ಕೂಲಿ. ಹದಿನಾರು ಆಣೆ ಸೇರಿದರೆ ಒಂದು ರೂಪಾಯಿ. ಆಗಸ್ಟ್ 20ರಂದು ರಾಸ್ ಅಂಥ ಸೊಳ್ಳೆಯೊಂದನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದರ ಹೊಟ್ಟೆಯ ಗೋಡೆಯಲ್ಲಿ ರೋಗಾಣು ಬೆಳೆಯುತ್ತಿತ್ತು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಪರೀಕ್ಷಿಸಿದರು. ಸೊಳ್ಳೆ ಕಚ್ಚಿದಾಗ ಅದರ ಜೊಲ್ಲಿನ ಮೂಲಕ ರೋಗ ಹರಡುತ್ತದೆ ಎಂಬುದು ತಿಳಿಯಿತು.

1902ರಲ್ಲಿ ರಾಸ್ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ಅದರ ಚಿನ್ನದ ಪದಕದ ಮೇಲೆ ಒಂದು ಚಿತ್ರವಿದೆ. ವೈದ್ಯಶಾಸ್ತ್ರವೇ ಹೆಣ್ಣಿನ ರೂಪದಲ್ಲಿ ಕುಳಿತಿದೆ. ಕಾಯಿಲೆಯ ಹುಡುಗಿಯೊಬ್ಬಳ ಬಾಯಾರಿಕೆ ತಣಿಸಲು ಬಂಡೆಯಿಂದ ಒಸರುವ ನೀರನ್ನು ಹಿಡಿಯುತ್ತಿದೆ. ಪದಕ ರಾಸ್ ಅವರಿಗೆ ಸಂದಿತು. ತನ್ನನ್ನು ಸೊಳ್ಳೆಗಳಿಗೆ ಒಡ್ಡಿಕೊಂಡ ಹುಸೇನ್ ಖಾನರಿಗೆ ದೊರೆತದ್ದು ಕೆಲವು ಆಣೆಗಳು ಮಾತ್ರ. ಇಬ್ಬರನ್ನೂ ನಾವು ನೆನೆಯಬೇಕಲ್ಲವೇ?

ಆಗಸ್ಟ್ 20 ಈಗ ವಿಶ್ವ ಸೊಳ್ಳೆ ದಿನ. ಮಳೆಗಾಲದಲ್ಲಿ ನಿಮ್ಮ ಮನೆಯ ಸುತ್ತ ನೋಡಿ. ಒಡೆದ ಮಡಕೆ, ತೆಂಗಿನ ಚಿಪ್ಪು, ಹಳೆಯ ಟೈರುಗಳಲ್ಲಿ ನೀರು ನಿಂತಿದೆಯೇ? ಕೂಡಲೇ ಚೆಲ್ಲಿರಿ. ಇದಕ್ಕೆ ಪದಕ ಸಿಗಲಾರದು. ಆದರೆ ನಿಮ್ಮ ಮನೆಯವರು ಆರೋಗ್ಯದಿಂದ ಇರುವರು.