ತೂಕದ ಮುಳ್ಳು ಅಲುಗದ ದಿನಗಳು

ಮಿತಾಹಾರದಿಂದಲೂ ನಡಿಗೆಯಿಂದಲೂ ದೇಹದ ತೂಕವನ್ನು ಕ್ರಮವಾಗಿ ಇಳಿಸುತ್ತ ಬಂದವರು, ತಾವು ಸಂಕಲ್ಪಿಸಿದ ಗುರಿಗೆ ಇನ್ನೆರಡು ಮೂರು ಕಿಲೊಗ್ರಾಂ ಮಾತ್ರ ಉಳಿದಿರುವಾಗ, ತೂಕದ ಯಂತ್ರದ ಮುಳ್ಳು ವಾರಗಟ್ಟಲೆ ಒಂದೇ ಗೆರೆಯ ಮೇಲೆ ನಿಂತುಬಿಡುವುದನ್ನು ಕಂಡು ಖಿನ್ನರಾಗುವುದುಂಟು. ಇದನ್ನು ತಮ್ಮ ಮನೋನಿಗ್ರಹದ ಸೋಲೆಂದು ಬಗೆದು ಇದ್ದ ಎರಡು ಚಪಾತಿಗಳಲ್ಲಿ ಒಂದನ್ನು ತೊರೆಯುವವರೂ, ಬೇಸತ್ತು ನಿಯಮವನ್ನೇ ಕೈಬಿಡುವವರೂ ನಮ್ಮ ನಡುವೆ ಅನೇಕರಿದ್ದಾರೆ. ಎರಡೂ ಅನಾವಶ್ಯಕವೆಂದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಈ ನಿಲುಗಡೆಯು ನಮ್ಮ ಶರೀರವೆಂಬ ಯಂತ್ರದ ಸ್ವಭಾವದಿಂದಲೇ ಹುಟ್ಟುವಂಥದು.

ಅಲ್ಪಾಹಾರಕ್ಕೆ ಶರೀರವು ಹೇಗೆ ಹೊಂದಿಕೊಳ್ಳುತ್ತದೆಂಬುದನ್ನು ಬಹು ಸೂಕ್ಷ್ಮವಾಗಿ ಪರಿಶೀಲಿಸಿದ ಪ್ರಯೋಗವೊಂದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ಯುದ್ಧದಿಂದ ಹಸಿವಿಗೆ ತುತ್ತಾದ ಜನರಿಗೆ ಮರಳಿ ಆಹಾರ ಕೊಡುವ ಕ್ರಮವನ್ನು ಅರಿಯಬೇಕೆಂದು ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞರು, ಶಸ್ತ್ರ ಹಿಡಿಯಲು ಮನಸ್ಸೊಪ್ಪದೆ ಬದಲಿ ಸೇವೆಗೆ ಬಂದಿದ್ದ 36 ಮಂದಿ ಆರೋಗ್ಯವಂತ ತರುಣರನ್ನು, ಅವರ ಸಮ್ಮತಿಯಿಂದಲೇ, 1945ರಲ್ಲಿ 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿದರು. ಆಲೂಗೆಡ್ಡೆ, ಟರ್ನಿಪ್, ಬ್ರೆಡ್ಡು, ಮೆಕರೋನಿ ಇವೇ ಊಟ. ಅದರ ಮೇಲೆ ವಾರಕ್ಕೆ ಸುಮಾರು 35 ಕಿಲೊಮೀಟರ್ ನಡಿಗೆ. ತೂಕವು ಕಾಲುಭಾಗದಷ್ಟು ಇಳಿಯಿತು. ವಿಶ್ರಾಂತಿಯಲ್ಲಿರುವಾಗ ಅವರ ದೇಹ ವ್ಯಯಿಸುತ್ತಿದ್ದ ಶಕ್ತಿಯಾದರೋ ನೂರಕ್ಕೆ ಸುಮಾರು 40ರಷ್ಟು ತಗ್ಗಿತು. ಇದರಲ್ಲಿ ಹೆಚ್ಚಿನ ಪಾಲು ದೇಹವೇ ಚಿಕ್ಕದಾದುದರ ಫಲ. ಉಳಿದುದು ಮಾತ್ರ, ಬರಗಾಲವನ್ನರಿತ ಒಕ್ಕಲು ಮನೆ ದೀಪದ ಎಣ್ಣೆಯಲ್ಲೂ ಉಳಿತಾಯ ಮಾಡುವಂತೆ, ಶರೀರವು ತಾನಾಗಿ ಕೈಗೊಂಡ ಮಿತವ್ಯಯ. ನಾಡಿ ಮಂದವಾಯಿತು, ನಡುಬೇಸಗೆಯಲ್ಲಿಯೂ ಚಳಿಯೆಂದು ಹೊದಿಕೆ ಬೇಡುತ್ತಿದ್ದರು, ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನು ಸಂಗ್ರಹಿಸಿ ಓದತೊಡಗಿದರು. ಕೊಬ್ಬು ಕರಗಿಹೋದ ಆ ಕಾಲುಗಳಲ್ಲಿ, ಹರಡಿನ ಬಳಿ, ನೀರು ತುಂಬಿಕೊಂಡು ಊತ ಕಾಣಿಸಿತು. ಅಷ್ಟು ಕಠಿನವಾದ ಉಪವಾಸ ನಮ್ಮ ಓದುಗರದಲ್ಲ, ಆಗಲೂಬಾರದು. ಆದರೆ ಅಲ್ಲಿ ಉತ್ಕಟವಾಗಿ ಕಂಡದ್ದೇ ಇಲ್ಲಿ ಸೌಮ್ಯರೂಪದಲ್ಲಿ ನಡೆಯುತ್ತದೆ.

ಅದನ್ನೊಂದು ಲೆಕ್ಕದಿಂದ ನೋಡೋಣ. 80 ಕಿಲೊ ತೂಗುತ್ತಿದ್ದವರೊಬ್ಬರು ದಿನಕ್ಕೆ 500 ಕ್ಯಾಲೊರಿ ಕಡಮೆ ಉಂಡು 66 ಕಿಲೊಗೆ ಬಂದಿದ್ದಾರೆ, 63 ಅವರ ಗುರಿ ಎಂದಿಟ್ಟುಕೊಳ್ಳಿ. ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಇಳಿದ ಪ್ರತಿಯೊಂದು ಕಿಲೊಗೂ ದೇಹದ ದಿನದ ವ್ಯಯ 20ರಿಂದ 30 ಕ್ಯಾಲೊರಿಯಷ್ಟು ತಗ್ಗುತ್ತದೆ. ನಡುವಣ 25ನ್ನು ಹಿಡಿದರೆ, 14 ಕಿಲೊಗೆ 350 ಕ್ಯಾಲೊರಿ. ಅಂದರೆ ಊಟ ಮೊದಲಿನಷ್ಟೇ ಮಿತವಾಗಿದ್ದರೂ ಮೊದಲಿನ 500ರ ಅಂತರದಲ್ಲಿ ಈಗ ಉಳಿದಿರುವುದು 150 ಮಾತ್ರ. ಒಂದು ಕಿಲೊ ಮೇದಸ್ಸಿನಲ್ಲಿ ಸುಮಾರು 7,700 ಕ್ಯಾಲೊರಿಗಳಿರುವುದರಿಂದ, ಅದು ಕರಗಲು ಸುಮಾರು 50 ದಿನಗಳೇ ಬೇಕು. ದಿನವೊಂದಕ್ಕೆ ಕರಗುವುದು ಬರಿಯ 20 ಗ್ರಾಂ.

ಈ 20 ಗ್ರಾಂನ್ನು ತೂಕದ ಯಂತ್ರ ತೋರಿಸಬಲ್ಲುದೆ? ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೊಜನ್ ರೂಪದಲ್ಲಿ ಸಂಚಿತವಾಗುವ ಪಿಷ್ಟವು ತನ್ನ ಒಂದೊಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಮದುವೆಮನೆಯಲ್ಲಿ ಉಪ್ಪಿನಕಾಯಿ ಹಪ್ಪಳಗಳೊಡನೆ ಉಂಡ ಮರುದಿನ, ಹೊಸ ವ್ಯಾಯಾಮವನ್ನು ಆರಂಭಿಸಿದ ವಾರ, ಸ್ತ್ರೀಯರಿಗೆ ಋತುಚಕ್ರದ ಕೆಲವು ದಿನ, ದೇಹದ ನೀರು ಹೆಚ್ಚುವುದು ಸಹಜ. ಹೀಗೆ ಒಂದು ಕಿಲೊದಷ್ಟು ಏರಿಳಿತವಿರುವಲ್ಲಿ ಕೊಬ್ಬು ವಾಸ್ತವವಾಗಿ ಕರಗುತ್ತಿದ್ದರೂ ಮುಳ್ಳು ಅಲುಗದೆ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ.

ದೇಹದ ಮಿತವ್ಯಯಕ್ಕಿಂತ ಬಲವತ್ತರವಾದ ಇನ್ನೊಂದು ಕಾರಣ ಹಸಿವು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರ 1994ರ ಶೋಧನೆಯಿಂದ ಬೆಳಕಿಗೆ ಬಂದ ಲೆಪ್ಟಿನ್ ಎಂಬ ಹಾರ್ಮೋನು ಮೇದಸ್ಸಿನ ಕೋಶಗಳಿಂದಲೇ ಸ್ರವಿಸುತ್ತದೆ. ಮೇದಸ್ಸು ಕುಗ್ಗಿದಂತೆಲ್ಲ ಅದೂ ಕುಗ್ಗಿ, ಮಿದುಳು ಹಸಿವನ್ನು ಹೆಚ್ಚಿಸುತ್ತದೆ. ಹಾಲ್ ಅವರ ಅದೇ ಅಂದಾಜಿನಲ್ಲಿ, ಕಳೆದ ಕಿಲೊ ಒಂದಕ್ಕೆ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹಸಿವು ಏರುತ್ತದೆ. ಇಂಥ ಒತ್ತಾಯದೆದುರು, ಸಾರನ್ನಕ್ಕೆ ಬಿದ್ದ ಒಂದು ಚಮಚ ತುಪ್ಪ, ಒಗ್ಗರಣೆಗೆ ಅಳೆಯದೆ ಸುರಿದ ಎಣ್ಣೆ, ಕಾಫಿಯೊಡನೆ ಬಾಯಿಗೆ ಹಾಕಿಕೊಂಡ ಹಿಡಿ ಕಡಲೆಬೀಜ ನೆನಪಿನಲ್ಲಿ ಉಳಿಯುವುದಿಲ್ಲ. 150 ಕ್ಯಾಲೊರಿಯ ಅಂತರವನ್ನು ಅಳಿಸಿಹಾಕಲು ಇವಿಷ್ಟೇ ಸಾಕು. 1992ರಲ್ಲಿ ನ್ಯೂಯಾರ್ಕಿನ ವೈದ್ಯಸಂಶೋಧಕರು, ಎಷ್ಟು ಕಡಮೆ ತಿಂದರೂ ತೂಕ ಇಳಿಯದೆಂದು ನೊಂದಿದ್ದ ಕೆಲವರನ್ನು ಪರೀಕ್ಷಿಸಿದಾಗ, ಅವರ ದೇಹದ ವ್ಯಯ ಸರಿಯಾಗಿಯೇ ಇದ್ದು, ತಿಂದುದರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಅವರ ಬರವಣಿಗೆಯ ಲೆಕ್ಕಕ್ಕೆ ಬಂದೇ ಇರಲಿಲ್ಲವೆಂದು ತಿಳಿಯಿತು. ಅವರು ಸುಳ್ಳುಗಾರರೆಂದು ಭಾವಿಸಬೇಕಾಗಿಲ್ಲ. ಮನುಷ್ಯನ ನೆನಪು ಊಟದ ವಿಷಯದಲ್ಲಿ ಅಷ್ಟು ದುರ್ಬಲವಾದುದು.

ಆದಕಾರಣ ಗುರಿಯ ಸಮೀಪದಲ್ಲಿ ನಿಂತವರು ಊಟವನ್ನು ಮತ್ತಷ್ಟು ಕತ್ತರಿಸುವ ಮೊದಲು ಒಂದು ವಾರ ಎಣ್ಣೆ, ತುಪ್ಪ, ಸಕ್ಕರೆಗಳನ್ನು ಅಳೆದು ಬಳಸಿ ನೋಡುವುದು ಲೇಸು. ಬೇಳೆ, ಕಾಳು, ಮೊಸರು, ಮೊಟ್ಟೆಗಳಂಥ ಪ್ರೋಟೀನುಳ್ಳ ಆಹಾರವನ್ನು ಕಡಮೆ ಮಾಡಬಾರದು. ಸ್ನಾಯು ಕರಗದಂತೆ ಭಾರವೆತ್ತುವ ವ್ಯಾಯಾಮವೂ ಬೇಕು. ರಕ್ತದೊತ್ತಡ, ಸಕ್ಕರೆ, ಸೊಂಟದ ಸುತ್ತಳತೆಗಳು ಸರಿಯಾಗಿದ್ದರೆ, ಕೊನೆಯ ಮೂರು ಕಿಲೊಗಳನ್ನು ಬಿಟ್ಟುಕೊಟ್ಟು, ಇಳಿಸಿದ 14 ಕಿಲೊಗಳನ್ನು ಮರಳದಂತೆ ಕಾಯ್ದುಕೊಳ್ಳುವುದು ಹೆಚ್ಚಿನ ಸಾಧನೆಯೆಂದೇ ನಾನು ಎಣಿಸುತ್ತೇನೆ. ಮಧುಮೇಹಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಊಟ ಬದಲಿಸಕೂಡದು. ಉಳಿದವರು ಪ್ರತಿದಿನ ಬೆಳಗ್ಗೆ ಶೌಚಾನಂತರ ತೂಗಿ, ಏಳು ದಿನಗಳ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಡನೆ ಹೋಲಿಸುತ್ತ ಬರಲಿ. ನಾಲ್ಕು ವಾರಗಳ ಸರಾಸರಿಯೂ ಕದಲದಿದ್ದರೆ ಆಗ ತೂಕ ನಿಂತಿದೆಯೆಂದು ತಿಳಿಯಬಹುದು.