ಫರ್ನೇಸ್ ಇಲ್ಲದೆ ಬೆಚ್ಚಗಾದ ಮನೆ

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ರಾಜಧಾನಿ ರಿಜೈನಾದಲ್ಲಿ ಚಳಿಗಾಲದ ರಾತ್ರಿಗಳಲ್ಲಿ ತಾಪಮಾನ ಮೈನಸ್ 30 ಡಿಗ್ರಿಗೂ ಕೆಳಗೆ ಇಳಿಯುವುದುಂಟು. ಅಂಥ ಊರಿನಲ್ಲಿ ಮನೆ ಬಿಸಿಮಾಡುವ ಯಂತ್ರವಾದ ಫರ್ನೇಸ್ ಇಲ್ಲದ ಮನೆ ಕಟ್ಟುತ್ತೇವೆ ಎಂದರೆ ಯಾರು ನಂಬಿಯಾರು? 1977ರಲ್ಲಿ ಅದು ಎದ್ದು ನಿಂತಿತು. ಚಳಿನಾಡುಗಳಲ್ಲಿ ಇಂದು ‘ಪ್ಯಾಸಿವ್ ಹೌಸ್’ ಎಂದು ಹೆಸರಾಗಿರುವ ಕಟ್ಟಡ ಪದ್ಧತಿಯ ಮುಖ್ಯ ಬೇರುಗಳಲ್ಲೊಂದು ಆ ಮನೆ. ಸರ್ಕಾರ ಕೇಳಿದ್ದು ಮಾತ್ರ ಬೇರೆಯದೇ ಮನೆ.

1973ರ ತೈಲ ಬಿಕ್ಕಟ್ಟಿನ ಬಿಸಿ ತಟ್ಟಿದ ಮೇಲೆ, ತನ್ನ ಹವೆಗೆ ಒಗ್ಗುವ ಸೌರಮನೆಯೊಂದನ್ನು ರೂಪಿಸುವಂತೆ ಪ್ರಾಂತೀಯ ಸರ್ಕಾರವು ಸಸ್ಕಾಚೆವಾನ್ ಸಂಶೋಧನಾ ಮಂಡಳಿಗೆ ಹೇಳಿತು. ತಂಡದಲ್ಲಿದ್ದ ಎಂಜಿನಿಯರ್ ಹೆರಾಲ್ಡ್ ಆರ್ ಮತ್ತು ಸಂಗಡಿಗರಿಗೆ ಲೆಕ್ಕ ಹೊಂದಲಿಲ್ಲ. ಡಿಸೆಂಬರಿನಲ್ಲಿ ರಿಜೈನಾದ ಹಗಲು ಎಂಟೇ ಗಂಟೆ. ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 16 ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ಶಾಖ ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿಗೇ ಬಿಸಿಲು ಎಲ್ಲಕ್ಕಿಂತ ಕಡಿಮೆ. ಹಾಗಿದ್ದರೆ ಶಾಖವನ್ನು ಎಲ್ಲಿಂದ ತರುವುದು ಎಂಬುದನ್ನು ಬಿಟ್ಟು, ಇರುವ ಶಾಖ ಎಲ್ಲಿಂದ ಹೊರಬೀಳುತ್ತಿದೆ ಎಂದು ನೋಡೋಣ ಎಂದಿತು ತಂಡ.

ಗೋಡೆಯ ಒಳಗಿನ ಕೆಲಸ

ಆ ಕಾಲದ ಮನೆಗಳ ಗೋಡೆಯೊಳಗೆ ಶಾಖನಿರೋಧಕ ಪದರ ಮೂರು–ನಾಲ್ಕು ಇಂಚು ಇದ್ದರೆ ಹೆಚ್ಚು. ಇಲ್ಲಿ ಗೋಡೆ ಒಂದು ಅಡಿ ದಪ್ಪವಾಯಿತು, ಚಾವಣಿಗೆ ಇನ್ನೂ ದಪ್ಪನೆಯ ಹೊದಿಕೆ ಬಂತು. ಆದರೆ ದಪ್ಪವೊಂದೇ ಸಾಲದು. ಗೋಡೆ ಚಾವಣಿಗೆ ಸೇರುವ ಸಂದು, ಕಿಟಕಿಯ ಚೌಕಟ್ಟು, ಸ್ವಿಚ್ ಬೋರ್ಡಿನ ಹಿಂದಿನ ತೂತು, ಎಲ್ಲ ಕಡೆಯಿಂದಲೂ ಬಿಸಿಗಾಳಿ ನುಸುಳಿ ಹೋಗುತ್ತದೆ. ಅದರೊಡನೆ ಹೋಗುವ ತೇವ ಗೋಡೆಯ ನಡುವೆ ತಣ್ಣಗಾಗಿ ನೀರಾಗುತ್ತದೆ, ಮರ ಕೊಳೆಯುತ್ತದೆ. ಅದಕ್ಕೇ ಗೋಡೆಯ ಬೆಚ್ಚನೆಯ ಬದಿಯಲ್ಲಿ ಎಲ್ಲೂ ಹರಿಯದಂತೆ ಪಾಲಿಥೀನ್ ಹಾಳೆ ಹೊದಿಸಿ ಅಂಚುಗಳನ್ನು ಮುಚ್ಚಿದರು. ಬಾಗಿಲಿಗೆ ಫ್ಯಾನ್ ಕೂರಿಸಿ, ಗಾಳಿ ಎಳೆದು, ಸೋರಿಕೆ ಅಳೆಯುವ ಪರೀಕ್ಷೆಯನ್ನು ರೂಢಿಗೆ ತಂದವರಲ್ಲಿ ಆರ್ ಕೂಡ ಒಬ್ಬರು.

ಇಷ್ಟು ಬಿಗಿಯಾಗಿ ಮುಚ್ಚಿದರೆ ಒಳಗಿನವರು ಉಸಿರಾಡುವುದು ಹೇಗೆ? ಹೊರಹೋಗುವ ಹಳಸಲು ಗಾಳಿಯನ್ನೂ ಒಳಬರುವ ತಣ್ಣನೆಯ ಗಾಳಿಯನ್ನೂ ತೆಳು ಹಾಳೆಗಳ ಆಚೀಚೆ ಹರಿಸುವ ಪೆಟ್ಟಿಗೆಯೊಂದನ್ನು ಅವರೇ ಮಾಡಿಕೊಂಡರು. ಎರಡೂ ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಹೊರಗೆ ಮೈನಸ್ 23 ಡಿಗ್ರಿ ಇರುವಾಗ ಇಡೀ ಮನೆಗೆ ಬೇಕಾದದ್ದು ಸುಮಾರು 3 ಕಿಲೋವಾಟ್ ಶಾಖ, ಅಂದರೆ ನಮ್ಮ ಬಚ್ಚಲುಮನೆಯ ದೊಡ್ಡ ಗೀಸರ್ ಒಂದಕ್ಕೆ ಬೇಕಾಗುವಷ್ಟು!

ಸರ್ಕಾರದ ಆಸೆಯಂತೆ ಸೌರ ಕೊಳವೆಗಳೂ ನೀರಿನ ತೊಟ್ಟಿಯೂ ಬಂದವು. ದುಬಾರಿ ವ್ಯವಸ್ಥೆ, ಮೇಲಿಂದ ಮೇಲೆ ರಿಪೇರಿ, ಕೊನೆಗೆ ಕಿತ್ತುಹಾಕಬೇಕಾಯಿತು. ಗೋಡೆಗಳು ಮಾತ್ರ ತಮ್ಮ ಕೆಲಸ ಮಾಡುತ್ತಲೇ ಇದ್ದವು. 1980ರ ದಶಕದ ನಡುವೆ ತೈಲ ಅಗ್ಗವಾದಾಗ ಉತ್ತರ ಅಮೆರಿಕದ ಬಿಲ್ಡರ್‌ಗಳ ಉತ್ಸಾಹ ಇಳಿಯಿತು.

ಡಾರ್ಮ್‌ಸ್ಟಾಟ್‌ನ ನಾಲ್ಕು ಮನೆ

ಎಳೆ ಮುಂದುವರಿದದ್ದು ಯುರೋಪಿನಲ್ಲಿ. ಜರ್ಮನಿಯ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಫೈಸ್ಟ್ ಮತ್ತು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬೂ ಆಡಮ್ಸನ್ 1988ರಲ್ಲಿ ಇಂಥ ಮನೆಗಳ ಬಗ್ಗೆ ಚರ್ಚೆಗೆ ಕೂತರು. 1991ರಲ್ಲಿ ಡಾರ್ಮ್‌ಸ್ಟಾಟ್‌ನ ಕ್ರಾನಿಷ್‌ಸ್ಟೈನ್ ಬಡಾವಣೆಯಲ್ಲಿ ಸಾಲುಮನೆಗಳು ನಾಲ್ಕು ಸಿದ್ಧವಾದವು. ಅವುಗಳಲ್ಲೊಂದರಲ್ಲಿ ಫೈಸ್ಟ್ ಕುಟುಂಬವೇ ವಾಸಕ್ಕಿಳಿಯಿತು. ಮೂರು ಪದರದ ಗಾಜು, 27 ಸೆಂಟಿಮೀಟರಿಗೂ ಮಿಕ್ಕಿದ ಗೋಡೆಯ ಹೊದಿಕೆ, ಶಾಖ ಮರಳಿಸುವ ಗಾಳಿ ವ್ಯವಸ್ಥೆ: ರಿಜೈನಾದ ಸೂತ್ರಗಳೇ, ಇನ್ನಷ್ಟು ಹರಿತವಾಗಿ.

ಫೈಸ್ಟ್ ಮಾಡಿದ ದೊಡ್ಡ ಕೆಲಸ ಅದನ್ನು ಅಂಕಿಗೆ ಇಳಿಸಿದ್ದು. ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ ಮೀರದ ಶಾಖ. 50 ಪ್ಯಾಸ್ಕಲ್ ಒತ್ತಡದ ಪರೀಕ್ಷೆಯಲ್ಲಿ ಗಂಟೆಗೆ ಮನೆಯ ಗಾಳಿಯ 0.6 ಪಾಲಿಗಿಂತ ಹೆಚ್ಚು ಸೋರಬಾರದು. ಒಂದು ಮನೆಯ ಪ್ರಯೋಗ ಹೀಗೆ ಯಾರು ಬೇಕಾದರೂ ಅಳೆದು ನೋಡಬಹುದಾದ ಮಾನದಂಡವಾಯಿತು. 1996ರಲ್ಲಿ ಪ್ಯಾಸಿವ್ ಹೌಸ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಅದೇ ಸಂಸ್ಥೆ 2015ರಲ್ಲಿ ರಿಜೈನಾದ ಮನೆಗೆ ಪಯನಿಯರ್ ಪ್ರಶಸ್ತಿ ಕೊಟ್ಟು ಋಣ ಒಪ್ಪಿಕೊಂಡಿತು.

ಹಳೆಯ ಮನೆಗಳ ಪಾಡು

ಹೊಸ ಮನೆಯನ್ನು ಹೀಗೆ ಕಟ್ಟಬಹುದು, ಸರಿ. ಈಗಾಗಲೇ ನಿಂತಿರುವ ಕೋಟ್ಯಂತರ ಮನೆಗಳಿಗೇನು ಮಾಡುವುದು? ಇದಕ್ಕೂ ಆರ್ ಬಳಿ ಉತ್ತರವಿತ್ತು. 1982ರಲ್ಲಿ ಅದೇ ಪ್ರಾಂತ್ಯದ ಸಸ್ಕಟೂನ್‌ನಲ್ಲಿ ಹಳೆಯ ಮನೆಯೊಂದರ ಸೂರಂಚನ್ನು ಯಂತ್ರಗರಗಸದಿಂದ ಕತ್ತರಿಸಿ, ಇಡೀ ಮನೆಗೆ ಹೊರಗಿನಿಂದ ಹಾಳೆ ಸುತ್ತಿ, ಅದರ ಮೇಲೆ ಹೊಸ ಗೋಡೆ, ಚಾವಣಿ ಹೊದಿಸಿದರು. ಗಾಳಿಯ ಸೋರಿಕೆ ಶೇ 90ರಷ್ಟು ತಗ್ಗಿತು.

ಇಂದು ಗ್ಯಾಸ್ ಬಾಯ್ಲರ್ ಕಿತ್ತು ಹೀಟ್ ಪಂಪ್ ಹಾಕುವ ಕಾಲ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುವ ಯಂತ್ರ ಅದು. ಆದರೆ ರೇಡಿಯೇಟರಿಗೆ ಹೋಗುವ ನೀರು ಹೆಚ್ಚು ಬಿಸಿಯಾಗಬೇಕಾದಷ್ಟೂ ಅದರ ದಕ್ಷತೆ ಕುಸಿಯುತ್ತದೆ. ಸೋರುವ ಮನೆ 60–70 ಡಿಗ್ರಿಯ ನೀರು ಕೇಳಿದರೆ, ಬಿಗಿಯಾದ ಮನೆಗೆ 35–40 ಡಿಗ್ರಿ ಸಾಕು. ಆದ್ದರಿಂದ ಗೋಡೆ ಮೊದಲು, ಯಂತ್ರ ಆಮೇಲೆ ಎಂಬ ಕ್ರಮಕ್ಕೆ ಬೆಲೆಯಿದೆ.

ತಂತ್ರ ಗೊತ್ತಾಗಿ ಅರ್ಧ ಶತಮಾನವಾಗುತ್ತ ಬಂತು. ಕಗ್ಗಂಟಾಗಿರುವುದು ಹಣದ ಬಾಬತ್ತು. ಬಾಡಿಗೆ ಮನೆಯ ಗೋಡೆಗೆ ಖರ್ಚು ಮಾಡಬೇಕಾದವರು ಮಾಲೀಕರು, ಬಿಲ್ಲಿನಲ್ಲಿ ಹಣ ಉಳಿಯುವುದು ಬಾಡಿಗೆದಾರರಿಗೆ. ಈ ಲೆಕ್ಕವನ್ನು ಸರಿದೂಗಿಸುವ ಕೆಲಸ ಎಂಜಿನಿಯರುಗಳದ್ದಲ್ಲ, ಸರ್ಕಾರಗಳದ್ದು.